ರಗ್ಬಿ ಹುಡುಗರ ಹಸಿವಿಗೆ ಒದಗಿದ ವಿಜಯಪುರದ ಖಾನಾವಳಿ

ಹೊರರಾಜ್ಯದಿಂದ ಆಡಲು ಬಂದ ಮಕ್ಕಳ ತಂಡವೊಂದನ್ನು ವಿಜಯಪುರದಲ್ಲಿ ಇಟ್ಟುಕೊಂಡು ಉಪಚರಿಸುವ ಹೊಣೆ ನಿಮ್ಮ ಮೇಲೆ ಬಿದ್ದರೆ, ಊಟದ ವ್ಯವಸ್ಥೆಗಾಗಿ ದೊಡ್ಡ ಹೋಟೆಲುಗಳನ್ನು ಹುಡುಕುವ ಮೊದಲು ಸ್ಟೇಷನ್ ರಸ್ತೆಗೆ ಹತ್ತಿದ ಓಣಿಯೊಳಗಿನ ಈ ಖಾನಾವಳಿಯಲ್ಲಿ ಒಮ್ಮೆ ವಿಚಾರಿಸಿ. ಬೋರ್ಡಿನ ಮೇಲೆ ‘ಜೋಳದ ರೊಟ್ಟಿ ಖಾನಾವಳಿ’ ಎಂದಷ್ಟೇ ಬರೆದಿದೆ. ಗಂಡ ಹೆಂಡತಿ ಇಬ್ಬರೂ ನಿಂತು ನಡೆಸುತ್ತಾರೆ. ರೊಟ್ಟಿ ಬಡಿಯಲು ಅದೇ ಓಣಿಯ ಮೂವರು ಹೆಣ್ಣುಮಕ್ಕಳು ಬರುತ್ತಾರೆ. ಕಳೆದ ಚಳಿಗಾಲದಲ್ಲಿ ಒಡಿಶಾದ ಹದಿನಾರು ವರ್ಷದೊಳಗಿನ ಬಾಲಕರ ರಗ್ಬಿ ತಂಡವೊಂದು ಸೊಲ್ಲಾಪುರದ ಮೂಲಕ ನಮ್ಮೂರಿಗೆ ಸೌಹಾರ್ದ ಪಂದ್ಯಗಳನ್ನಾಡಲು ಬಂದಿತ್ತು. ತರಬೇತುದಾರರನ್ನೂ ಸೇರಿಸಿ 18 ಜನ. ಅವರ ಆತಿಥ್ಯಕ್ಕೆ ನಿಂತ ಕೆಲವರಲ್ಲಿ ನಾನೂ ಒಬ್ಬನಾಗಿದ್ದು, ಊಟದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು.

ರಗ್ಬಿ ಆಡುವ ಹುಡುಗರಿಗೆ ಹೊಟ್ಟೆತುಂಬ ಬಡಿಸಿದರೆ ಸಾಕು ಎಂದು ತಿಳಿದವರು ಆ ಆಟದ ವೇಳಾಪಟ್ಟಿಯನ್ನು ಒಮ್ಮೆ ನೋಡಬೇಕು. ಏಳು ಜನರ ರಗ್ಬಿಯಲ್ಲಿ 7 ನಿಮಿಷಗಳ ಎರಡು ಅವಧಿ, ನಡುವೆ 2 ನಿಮಿಷಗಳ ಬಿಡುವು. ಒಂದು ಪಂದ್ಯ ಹೆಚ್ಚುಕಡಿಮೆ ಕಾಲು ತಾಸಿನಲ್ಲಿ ಮುಗಿದುಹೋಗುತ್ತದೆ. ಆದರೆ ಅಂಥ ಎರಡು ಮೂರು ಪಂದ್ಯಗಳನ್ನು ಒಂದೇ ದಿನ ಆಡಬೇಕಾಗುವುದರಿಂದ, ಮೊದಲ ಪಂದ್ಯಕ್ಕೆ ಮೂರು ತಾಸು ಮುಂಚೆ ಪೂರ್ತಿ ಊಟ, ಪಂದ್ಯಗಳ ನಡುವೆ ಬೇಗ ಅರಗುವಂಥದ್ದು ಸ್ವಲ್ಪ, ಕೊನೆಯ ಪಂದ್ಯ ಮುಗಿದ ಕೂಡಲೇ ಮತ್ತೆ ಗಟ್ಟಿ ಊಟ, ಹೀಗೆ ಹೊತ್ತು ಹಿಡಿದು ಬಡಿಸಬೇಕಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆರೆಯುವ ಖಾನಾವಳಿಯವರು ನಮಗಾಗಿ ನಸುಕಿನಲ್ಲೇ ಒಲೆ ಹಚ್ಚಿ ಏಳೂವರೆಗೆ ಊಟ ಸಿದ್ಧ ಮಾಡಿದರು. ಒಂದು ದಿನವೂ ಹೊತ್ತು ತಪ್ಪಲಿಲ್ಲ.

ಬೆಳಗಿನ ಊಟಕ್ಕೆ ರೊಟ್ಟಿ ಬೇಡವೆಂದು ತರಬೇತುದಾರರು ಹೇಳಿದಾಗ ನನಗೆ ಸ್ವಲ್ಪ ಮುಜುಗರವಾದದ್ದು ನಿಜ. ರೊಟ್ಟಿಯೇ ಹೆಸರಾದ ಮನೆಗೆ ಹೋಗಿ ರೊಟ್ಟಿ ಮಾಡಬೇಡಿ ಎನ್ನುವುದು ಹೇಗೆ? ಆದರೆ ಕಾರಣವನ್ನು ಬಿಡಿಸಿ ಹೇಳಿದಾಗ ಮಾಲೀಕರ ಮನೆಯವರಾದ ಅಕ್ಕಾವ್ರು ತಕ್ಷಣ ಒಪ್ಪಿಕೊಂಡರು. ಜೋಳದಲ್ಲಿ ನಾರಿನಂಶ ಹೆಚ್ಚು, ಅದು ನಿಧಾನವಾಗಿ ಅರಗುತ್ತದೆ. ಹೊಲಕ್ಕೆ ಹೋಗಿ ಹೊತ್ತು ಮುಳುಗುವವರೆಗೆ ದುಡಿಯುವವನಿಗೆ ಅದು ವರವಾದರೂ, ಕೆಲವೇ ತಾಸುಗಳಲ್ಲಿ ಮೈದಾನದಲ್ಲಿ ಓಡಿ, ಎದುರಾಳಿಯನ್ನು ಹಿಡಿದು ಕೆಡವಬೇಕಾದ ಹುಡುಗನಿಗೆ ಹೊಟ್ಟೆಭಾರವಾಗುತ್ತದೆ. ಹಾಗಾಗಿ ಬೆಳಿಗ್ಗೆ ಬಿಳಿ ಅನ್ನ, ಖಾರ ಕಡಿಮೆ ಇದ್ದ ತೊಗರಿ ಬ್ಯಾಳಿ, ಮೊಸರು, ಬಾಳೆಹಣ್ಣು. ರಾತ್ರಿ ಮನಸ್ಸುಪೂರ್ತಿ ರೊಟ್ಟಿ ಎಂದು ತೀರ್ಮಾನವಾಯಿತು.

ಈ ಖಾನಾವಳಿಯನ್ನು ನಾನು ಇಷ್ಟು ಒತ್ತಿ ಶಿಫಾರಸು ಮಾಡಲು ಮುಖ್ಯ ಕಾರಣ ಬೇರೆಯೇ ಇದೆ. ತಂಡದಲ್ಲಿ ಒಬ್ಬ ಹುಡುಗನಿಗೆ ಶೇಂಗಾದ ಅಲರ್ಜಿ ಇತ್ತು. ಚೂರು ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರಾಟಕ್ಕೆ ತೊಂದರೆಯಾಗುವಂಥದ್ದು. ನಮ್ಮ ಭಾಗದ ಅಡುಗೆಯಲ್ಲಿ ಶೇಂಗಾ ಇಲ್ಲದ ಜಾಗವನ್ನು ಹುಡುಕುವುದೇ ಕಷ್ಟ. ಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಕಣ್ಣಿಗೆ ಕಾಣುತ್ತದೆ, ಸರಿ. ಆದರೆ ತುಂಬಗಾಯಿಯ ಮಸಾಲೆಯಲ್ಲಿ, ಉಸುಳಿಯ ಮೇಲೆ ಉದುರಿಸುವ ಪುಡಿಯಲ್ಲಿ, ಸವತಿಕಾಯಿ ಪಚಡಿಯಲ್ಲಿ, ಕೊನೆಗೆ ಒಗ್ಗರಣೆಯ ಎಣ್ಣೆಯಲ್ಲಿಯೂ ಅದು ಇರುತ್ತದೆ. ನಾವು ಮೊದಲು ವಿಚಾರಿಸಿದ ಹೋಟೆಲೊಂದರಲ್ಲಿ, ಕಾಳು ಕಂಡರೆ ಹುಡುಗ ಆರಿಸಿ ಬದಿಗಿಟ್ಟು ಉಣ್ಣಲಿ ಎಂದು ಹೇಳಿಬಿಟ್ಟಿದ್ದರು. ಆ ಮಾತು ಕೇಳಿದ ಮೇಲೆ ನಾವು ಅಲ್ಲಿ ಕೂರಲಿಲ್ಲ.

ಇಲ್ಲಿ ಅಕ್ಕಾವ್ರು ನಾನು ಹೇಳುವ ಮೊದಲೇ ಯಾವ ಯಾವ ಪದಾರ್ಥಕ್ಕೆ ಶೇಂಗಾ ಬೀಳುತ್ತದೆ ಎಂದು ಬೆರಳು ಮಡಚಿ ಎಣಿಸಿದರು. “ಅಣ್ಣಾರ, ಹುಡುಗ ನಮ್ಮ ಮನಿಗೆ ಉಣ್ಣಾಕ ಬಂದಾನ. ಶೇಂಗಾ ಹತ್ತಿದ ಚಮಚಾ ಸುದ್ದಾ ಅವನ ತಾಟಿಗೆ ಹಚ್ಚಂಗಿಲ್ಲ” ಎಂದರು, ಅದರಂತೆ ನಡೆದುಕೊಂಡರು. ಅವನ ಪಲ್ಯಕ್ಕೆ ಬೇರೆ ಬೋಗುಣಿ, ಶೇಂಗಾ ಎಣ್ಣೆಯ ಬದಲು ಹೊಸ ಡಬ್ಬಿಯಿಂದ ಕುಸುಬಿ ಎಣ್ಣೆ, ಗುರುತು ತಪ್ಪದಂತೆ ಹಿಡಿಕೆಗೆ ಕೆಂಪು ದಾರ ಸುತ್ತಿದ ಬೇರೆ ಸೌಟು. ರೊಟ್ಟಿಯನ್ನು ಹಂಚಿನ ಮೇಲೆ ನೀರು ಸವರಿ ಬೇಯಿಸುವುದರಿಂದ ಅದರಲ್ಲಿ ಎಣ್ಣೆಯ ಭಯವಿರಲಿಲ್ಲ. ಆದರೂ ಅವನ ರೊಟ್ಟಿಗಳನ್ನು ಶೇಂಗಾ ಹೋಳಿಗೆಯ ಪಕ್ಕದ ಬುಟ್ಟಿಯಲ್ಲಿಡದೆ ಬೇರೆ ಅರಿವೆಯಲ್ಲಿ ಸುತ್ತಿಟ್ಟಿದ್ದರು. ಅವನಿಗೆ ಎಲ್ಲರಿಗಿಂತ ಮೊದಲು ಬಡಿಸಿ, ಅವನು ಉಂಡು ಕೈತೊಳೆದು ಏಳುವವರೆಗೆ ಹಿಂಡಿಯ ಬರಣಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಉಳಿದ ಹುಡುಗರು ಹಿಂಡಿಗಾಗಿ ಕಾದು ಕುಳಿತರು, ಒಬ್ಬನೂ ಗೊಣಗಲಿಲ್ಲ. ಇಂಥ ಎಚ್ಚರಿಕೆಯನ್ನು ನಾನು ದುಬಾರಿ ಹೋಟೆಲುಗಳಲ್ಲಿಯೂ ಕಂಡಿಲ್ಲ.

ರುಚಿಯ ವಿಷಯಕ್ಕೆ ಬಂದರೆ, ರೊಟ್ಟಿ ಇಲ್ಲಿಯ ಹೆಮ್ಮೆ. ಹಿಂಗಾರಿಯ ಮಾಲ್ದಂಡಿ ಜೋಳದ ಹಿಟ್ಟನ್ನು ದಿನದ ದಿನ ಬೀಸಿಸಿ ತರುತ್ತಾರೆ. ಹಳೆಯ ಹಿಟ್ಟಾದರೆ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ, ಇಲ್ಲಿ ಹರಿದ ರೊಟ್ಟಿ ತಾಟಿಗೆ ಬರುವುದೇ ಇಲ್ಲ. ಅನ್ನವನ್ನೇ ಉಂಡು ಬೆಳೆದ ಹುಡುಗರು ಮೊದಲ ರಾತ್ರಿ ರೊಟ್ಟಿಯನ್ನು ಮುರಿದು ನೋಡುತ್ತ ಕುಳಿತಿದ್ದವರು, ಬೆಣ್ಣೆ ಹಚ್ಚಿ ಝುಣಕದ ಜೊತೆ ಕೊಟ್ಟ ಮೇಲೆ ಮತ್ತೊಂದು ಕೇಳತೊಡಗಿದರು. ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಮಾತ್ರ ಯಾರೂ ನಿರೀಕ್ಷಿಸದ ನುಚ್ಚು ಮಜ್ಜಿಗೆ. ಪಂದ್ಯಗಳ ನಡುವೆ ಕೊಡಲೆಂದು ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿಸಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಕಲಸಿ ಕ್ರೀಡಾಂಗಣಕ್ಕೆ ಕಳಿಸಿದ್ದರು. ಒಂದು ಗುಟುಕು ಕುಡಿದ ಹುಡುಗನೊಬ್ಬ ಪಕ್ಕದವನ ಕಡೆ ತಿರುಗಿ “ಪಖಾಳ!” ಎಂದ. ಅನ್ನವನ್ನು ನೀರಿನಲ್ಲಿ ನೆನೆಸಿಟ್ಟು ಹುಳಿ ಬರಿಸಿ ಉಣ್ಣುವ ಪಖಾಳ ಒಡಿಶಾದ ಮನೆಮನೆಯ ಬಿಸಿಲುಗಾಲದ ಊಟ. ಧಾನ್ಯ ಬೇರೆಯಾದರೂ ತಂಪು ಅದೇ, ಉಪ್ಪು ಹುಳಿ ಅದೇ. ಬೆವರಿನ ಜೊತೆ ಹೋದ ನೀರನ್ನೂ ಉಪ್ಪನ್ನೂ ಒಟ್ಟಿಗೇ ತುಂಬಿಕೊಡುವ ಅದರ ಮುಂದೆ ನಾವು ತರಿಸಿಟ್ಟಿದ್ದ ಬಣ್ಣದ ಪಾನೀಯದ ಬಾಟಲಿಗಳು ಹಾಗೇ ಉಳಿದವು.

ಕೊರತೆಗಳೂ ಇವೆ. ಅಡುಗೆಮನೆ ಶುದ್ಧ ಸಸ್ಯಾಹಾರಿ. ಮೊಟ್ಟೆಯನ್ನೂ ಒಳಗೆ ತರಗೊಡುವುದಿಲ್ಲ. ಮೀನು, ಮೊಟ್ಟೆ ರೂಢಿಯಿದ್ದ ಹುಡುಗರಿಗಾಗಿ ನಾವು ವಸತಿಯ ಕಡೆಯೇ ಮೊಟ್ಟೆ ಬೇಯಿಸಿಕೊಡಬೇಕಾಯಿತು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದರು, ಆದ್ದರಿಂದ ದೂರಲಾರೆ. ಮೊದಲ ದಿನ ಬಿಸಿ ಬ್ಯಾಳಿಯನ್ನು ತೆಳು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಟ್ಟದ್ದು ಮಾತ್ರ ಒಪ್ಪುವಂಥದ್ದಲ್ಲ. ಮರುದಿನದಿಂದ ನಾವೇ ಸ್ಟೀಲ್ ಡಬ್ಬಿಗಳನ್ನು ಒಯ್ದೆವು. ಕೈತೊಳೆಯಲು ಎರಡೇ ನಳ ಇರುವುದರಿಂದ ಇಡೀ ತಂಡ ಒಮ್ಮೆಲೇ ಎದ್ದರೆ ನೂಕಾಟವಾಗುತ್ತದೆ, ಓಣಿಯೊಳಗೆ ಬಸ್ಸು ಹೋಗುವುದಿಲ್ಲ, ಮುಖ್ಯ ರಸ್ತೆಯಲ್ಲಿ ಇಳಿದು ನಡೆಯಬೇಕು. ಪಂದ್ಯ ಮುಗಿಸಿ, ಮರುದಿನ ಗೋಳಗುಮ್ಮಟದ ಮೆಟ್ಟಿಲುಗಳನ್ನೂ ಹತ್ತಿ ಇಳಿದು ಬಂದ ಹುಡುಗರಿಗೆ ಆ ನಾಲ್ಕು ಹೆಜ್ಜೆಯೂ ದೂರವೆನಿಸಿತ್ತು.

ಒಬ್ಬರ ಪೂರ್ತಿ ಊಟಕ್ಕೆ 130 ರೂಪಾಯಿ ಹಿಡಿದರು. ರೊಟ್ಟಿ, ಅನ್ನ, ಪಲ್ಯ ಎಷ್ಟು ಬೇಕಾದರೂ ಬಡಿಸಿದರು. ನುಚ್ಚು ಮಜ್ಜಿಗೆಗೆ ಬೇರೆ ಲೆಕ್ಕ ಹಚ್ಚಲಿಲ್ಲ. ತಂಡ ಕರೆದುಕೊಂಡು ಹೋಗುವವರು ಎರಡು ದಿನ ಮುಂಚೆ ಖುದ್ದಾಗಿ ಹೋಗಿ ಅಕ್ಕಾವ್ರನ್ನೇ ಕಂಡು ಮಾತಾಡುವುದು ಒಳ್ಳೆಯದು. ಪಂದ್ಯಗಳ ಸಮಯ, ಯಾರಿಗೆ ಏನು ಆಗುವುದಿಲ್ಲ ಎಂಬ ಪಟ್ಟಿ, ಖಾರ ಎಷ್ಟಿರಬೇಕು ಎಂಬುದನ್ನು ಕಾಗದದಲ್ಲಿ ಬರೆದು ಕೊಡಿ; ಅವರು ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಛಾಪಿಸಿದ ಬಿಲ್ಲು ಬೇಕಾದ ಸಂಸ್ಥೆಯವರು ಅದನ್ನೂ ಮೊದಲೇ ತಿಳಿಸಬೇಕು, ಇಲ್ಲವಾದರೆ ಕೈಬರಹದ ರಸೀದಿ ಮಾತ್ರ ಸಿಗುತ್ತದೆ.