ಹಾಡುವವಳ ಅಳತೆ: ಶಿರಸಿಯ ಒಂದು ಸೀರೆ ಅಂಗಡಿ

ಮಗಳು ಕಳೆದ ವರ್ಷದ ಹಿಂದೂಸ್ತಾನಿ ಗಾಯನ ಸ್ಪರ್ಧೆಯಲ್ಲಿ ಮದುವೆಯೊಂದಕ್ಕೆ ಬೇರೆಲ್ಲೋ ಹೊಲಿಸಿದ್ದ ರವಿಕೆಯನ್ನೇ ತೊಟ್ಟು ಹಾಡಿದ್ದಳು. ನಿಧಾನ ಲಯದ ವಿಲಂಬಿತ್ ಹೇಗೋ ಸಾಗಿತು. ಆದರೆ ವೇಗದ ಲಯದ ದ್ರುತ್‌ನಲ್ಲಿ ತಾನ್, ಅಂದರೆ ಸ್ವರಗಳ ಓಟ, ಹೊರಟಾಗ ಎದೆಯ ಕೆಳಗಿನ ಹೊಲಿಗೆ ಬಿಗಿದು, ಉಸಿರು ಪೂರ್ತಿ ಎಳೆದುಕೊಳ್ಳಲಾಗದೆ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಸೇರುವುದೇ ಕಷ್ಟವಾಯಿತು. ಆ ಸಂಕಟವನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದೆನಾದ್ದರಿಂದ, ಈ ಸಲ ಕಾರವಾರದ ಸ್ಪರ್ಧೆ ಗೊತ್ತಾದ ಕೂಡಲೇ ಶಿರಸಿಯ ಪೇಟೆಯಲ್ಲಿ ಸೀರೆ ಮಾರಿ ರವಿಕೆಯನ್ನೂ ಹೊಲಿದುಕೊಡುವ ಒಂದು ಚಿಕ್ಕ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ.

ನನ್ನ ಕಣ್ಣು ದೊಡ್ಡ ಜರಿಯಂಚಿನ ರೇಷ್ಮೆ ಸೀರೆಯ ಮೇಲಿತ್ತು. ಅಂಗಡಿಯ ಯಜಮಾನರು ಅದನ್ನು ತೆಗೆದು ತೋರಿಸುವ ಮೊದಲೇ, ಕುಳಿತು ಹಾಡುವುದೋ ನಿಂತೋ, ತಂಬೂರಿಯನ್ನು ತಾನೇ ಮೀಟುತ್ತಾಳೋ ಎಂದು ಕೇಳಿದರು. ಗರಿಗರಿ ರೇಷ್ಮೆಯ ನಿರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಮಡಿಲಿನಲ್ಲಿ ಉಬ್ಬಿ ನಿಲ್ಲುತ್ತದೆ, ಅದರ ಸರಸರ ಸದ್ದು ಹತ್ತಿರದ ಮೈಕಿಗೂ ಕೇಳಿಸುತ್ತದೆ ಎಂದು ಹೇಳಿ, ಅವರು ಹತ್ತಿಯ ಒಡಲಿನ ಆರು ಗಜದ ಇಳಕಲ್ ಸೀರೆಯನ್ನು ಬಿಚ್ಚಿದರು. ಇಳಕಲ್ಲಿನಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದನೆಯ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆದ್ದರಿಂದಲೇ ಒಡಲು ಹತ್ತಿಯ ಮೃದುತನದಲ್ಲಿ ತೊಡೆಯ ಮೇಲೆ ತಣ್ಣಗೆ ಕೂರುತ್ತದೆ. ವೇದಿಕೆಗೆ ಬೇಕಾದ ಗಾಂಭೀರ್ಯವನ್ನು ತೋಪು ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ ಕೆಂಪು ರೇಷ್ಮೆ ಸೆರಗು ಕೊಡುತ್ತದೆ. ಗಾಜಿನ ಬಳೆ ತಂಬೂರಿಗೆ ತಾಗೀತು, ಬಲಗೈಗೆ ಬೇಡ ಎಂದೂ ಅವರೇ ನೆನಪಿಸಿದರು.

ನನ್ನ ಮನಸ್ಸು ಗೆದ್ದದ್ದು ಮಾತ್ರ ಒಳಕೋಣೆಯ ದರ್ಜಿ. ಮಗಳು ಸೆಟೆದು ನಿಂತಿದ್ದಾಗ ಒಮ್ಮೆ ಅಳೆದುಕೊಂಡ ಆ ಹಿರಿಯರು, "ತಂಗಿ, ಈಗ ಕೂತ್ಕೊ. ಬಲಗೈ ತಂಬೂರಿ ಹಿಡಿದ ಹಾಗೆ ಎತ್ತು, ಉಸಿರು ತಗೊಂಡು ಒಂದು ಸಾ ಹಚ್ಚು" ಎಂದರು. ಅವಳು ಆ ಷಡ್ಜವನ್ನು ಹಿಡಿದಿದ್ದಷ್ಟೂ ಹೊತ್ತು ಟೇಪು ಪಕ್ಕೆಲುಬಿನ ಸುತ್ತಲೇ ಇತ್ತು. ಎರಡು ಅಳತೆಗಳ ನಡುವೆ ಒಂದೂಕಾಲು ಇಂಚು ವ್ಯತ್ಯಾಸ ಬಂದಿತು. ಅವರು ಎರಡನೆಯದನ್ನೇ ಬರೆದುಕೊಂಡು, ಕಂಕುಳ ಕೆಳಗೆ ಒಂದು ಚಿಕ್ಕ ಪಟ್ಟಿಯನ್ನು ಸೇರಿಸಿ, ಒಳಗೆ ತೆಳುವಾದ ಹತ್ತಿಯ ಅಸ್ತರು ಕೊಟ್ಟು ಹೊಲಿದರು.

ಕೊರತೆ ಇಲ್ಲವೆಂದಲ್ಲ. ಫಾಲ್ ಹಚ್ಚಿದ ಸೀರೆ ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಕೈಸೇರಿತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಡುಹಸಿರಾಗಿ ಕಂಡ ಒಡಲು ಬಿಸಿಲಿಗೆ ತಂದಾಗ ನೀಲಿಗೆ ತಿರುಗಿತ್ತು. ಬಣ್ಣವನ್ನು ಬಾಗಿಲಿಗೆ ಹಿಡಿದು ನೋಡಿಯೇ ಆರಿಸಿಕೊಳ್ಳಬೇಕು.

ಕಾರವಾರದ ಸೆಕೆಯಲ್ಲಿ ಬೆನ್ನು ತೊಯ್ದಿತ್ತಾದರೂ ಸೆರಗು ಒಮ್ಮೆಯೂ ಜಾರಲಿಲ್ಲ. ದ್ರುತ್‌ನ ಕೊನೆಯ ನೇರ ಏರಿಳಿತದ ಸಪಾಟ್ ತಾನನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಸಮ್‌ಗೆ ಬಂದಳು. ಅಷ್ಟು ಹೊತ್ತೂ ಅವಳ ಕೈ ರವಿಕೆಯ ಅಂಚನ್ನು ಎಳೆದುಕೊಳ್ಳಲು ಹೋಗಲೇ ಇಲ್ಲ.