ಫೋಟೊ ವಿಮರ್ಶೆಗೆ ವಾಟ್ಸ್‌ಆ್ಯಪ್, ಸಲಾನ್, ಪ್ರಿಂಟ್: ನನ್ನ ಮತ ಪ್ರಿಂಟಿಗೆ

ತೆಗೆದ ಚಿತ್ರ ಹೇಗಿದೆ ಎಂದು ನಾಲ್ಕು ಜನರನ್ನು ಕೇಳಲು ನಮ್ಮ ಹವ್ಯಾಸಿ ಬಳಗದಲ್ಲಿ ಮೂರು ದಾರಿಗಳಿವೆ: ವಾಟ್ಸ್‌ಆ್ಯಪ್ ಗುಂಪು, ಸಲಾನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆ, ತಿಂಗಳಿಗೊಮ್ಮೆ ಪ್ರಿಂಟ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುವ ಸಭೆ. ಮೂರನ್ನೂ ಸಾಕಷ್ಟು ಬಳಸಿದ್ದೇನೆ. ಮೂರನೆಯದರಲ್ಲಿ ಕಲಿತದ್ದರ ಅರ್ಧದಷ್ಟನ್ನೂ ಉಳಿದೆರಡರಲ್ಲಿ ಕಲಿತಿಲ್ಲ.

ವಾಟ್ಸ್‌ಆ್ಯಪ್ ಬೇಗ, ಬಿಟ್ಟಿ. ಹಕ್ಕಿಯ ಹೆಸರು ಗೊತ್ತಾಗದಿದ್ದರೆ ಚಹಾ ಮುಗಿಯುವುದರೊಳಗೆ ಉತ್ತರ ಬಂದಿರುತ್ತದೆ. ಆದರೆ ವಿಮರ್ಶೆಗೆ ಅದನ್ನು ನೆಚ್ಚಿಕೊಂಡರೆ ಒಂದು ತೊಡಕು ಕಟ್ಟಿಟ್ಟದ್ದು: ನಾವು ತೆಗೆದ ಚಿತ್ರವನ್ನು ಅಲ್ಲಿ ಯಾರೂ ನೋಡುವುದೇ ಇಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲವಿರುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸಿದರೆ ಅದು ಸುಮಾರು 1600ಕ್ಕೆ ಇಳಿಯುತ್ತದೆ, ಜೊತೆಗೆ ಫೈಲನ್ನು ಚಿಕ್ಕದಾಗಿಸುವ ಭರದಲ್ಲಿ ಸೂಕ್ಷ್ಮ ವಿವರಗಳೂ ಅಳಿಯುತ್ತವೆ. ಹಗಲಿನಲ್ಲಿ ತೆಗೆದ ಚಿತ್ರಕ್ಕೆ ಇದು ದೊಡ್ಡ ನಷ್ಟವಲ್ಲ. ನಾನು ಹೆಚ್ಚಾಗಿ ತೆಗೆಯುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಒಂದೆರಡು ಹಳದಿ ಬಲ್ಬುಗಳ ಬೆಳಕಿನಲ್ಲಿ, ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ತುಂಬ ಏರಿಸಿ, ಐಎಸ್‌ಒ 6400ರ ಆಸುಪಾಸಿನಲ್ಲಿ. ಮೂಲ ಫೈಲಿನಲ್ಲಿ ಮರಳಿನಂತೆ ನುಣ್ಣಗೆ ಕಾಣುವ ನೆರಳು ಫೋನಿನಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿಯ ಬಿಳಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಬಿಳಿ ಪಟ್ಟಿಯಾಗುತ್ತವೆ. ಆಮೇಲೆ ಬರುವ ಅಭಿಪ್ರಾಯಗಳೆಲ್ಲ ‘ನಾಯ್ಸ್ (ಕಾಳುಕಾಳು) ಜಾಸ್ತಿಯಾಯಿತು’, ‘ಶಾರ್ಪ್ ಇಲ್ಲ’ ಎಂಬ ಎರಡೇ ಮಾತಿನ ಸುತ್ತ ಸುತ್ತುತ್ತವೆ.

ಎಚ್‌ಡಿ ಆಯ್ಕೆ 2023ರಲ್ಲಿ ಬಂತು, ಸ್ವಲ್ಪ ವಾಸಿ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಫೈಲೇ ತಲುಪುತ್ತದೆ, ಆದರೆ ಅದನ್ನು ಇಳಿಸಿಕೊಂಡು ನೋಡುವ ತಾಳ್ಮೆ ಗುಂಪಿನಲ್ಲಿ ಹೆಚ್ಚು ಮಂದಿಗೆ ಇಲ್ಲ. ಏಳೆಂಟು ಚಿತ್ರಗಳನ್ನು ಒಟ್ಟಿಗೆ ಹಾಕಿದರಂತೂ ಅಂಚು ಕತ್ತರಿಸಿದ ಚೌಕಾಕಾರದ ಪುಟ್ಟ ಚಿತ್ರಗಳಷ್ಟೇ ಕಾಣುತ್ತವೆ. ‘ಎಡಗೈ ಕತ್ತರಿಸಿದ್ದೀರಿ’ ಎಂದು ಒಬ್ಬರು ಬರೆದಿದ್ದರು. ಕೈ ಚಿತ್ರದಲ್ಲಿ ಪೂರ್ತಿಯಾಗಿತ್ತು. ಅವರು ಚಿತ್ರವನ್ನು ತೆರೆದಿರಲಿಲ್ಲ. ಇನ್ನು ಬಿಸಿಲಲ್ಲಿ ಬಸ್‌ಸ್ಟಾಪಿನಲ್ಲಿ ನಿಂತು, ಪರದೆಯ ಬೆಳಕನ್ನು ಗರಿಷ್ಠಕ್ಕೆ ಏರಿಸಿ ನೋಡುವವರಿಗೂ ರಾತ್ರಿ ಮಲಗುವ ಕೋಣೆಯಲ್ಲಿ ನೋಡುವವರಿಗೂ ಒಂದೇ ಚಿತ್ರದ ಕತ್ತಲು ಬೇರೆ ಬೇರೆ. ಇಂಥ ಕಡೆ ಬೆಳಕಿನ ಬಗ್ಗೆ ಸಿಗುವ ಸಲಹೆಯನ್ನು ನಂಬಿ ನಾನು ಎಡಿಟ್ ಮಾಡಲಾರೆ.

ಹೊಸಬರಿಗೆ ಆಗುವ ಪೆಟ್ಟನ್ನೂ ಹೇಳಲೇಬೇಕು. ಬರೆದ ಮಾತಿಗೆ ದನಿಯಿಲ್ಲ. ಎದುರಿಗೆ ಕೂತು ನಗುತ್ತ ಹೇಳಿದರೆ ಹಿತವಾಗುವ ಸಾಲು ಇಡೀ ಗುಂಪಿನ ಮುಂದೆ ಬಂದಾಗ ಚುಚ್ಚುತ್ತದೆ. ಹಾಗೆ ಚಿತ್ರ ಹಾಕುವುದನ್ನೇ ನಿಲ್ಲಿಸಿದವರನ್ನು ನಾನು ಬಲ್ಲೆ.

ಸಲಾನ್‌ನಲ್ಲಿ ಶಿಸ್ತಿದೆ, ಮಾತಿಲ್ಲ. ತೀರ್ಪುಗಾರರು ಚಿತ್ರವನ್ನು ಕೆಲವೇ ಕ್ಷಣ ನೋಡಿ ಅಂಕ ಕೊಡುತ್ತಾರೆ. ನಮಗೆ ತಲುಪುವುದು ಆ ಅಂಕ ಮತ್ತು ‘ಸ್ವೀಕೃತ’ ಅಥವಾ ‘ಅಸ್ವೀಕೃತ’ ಎಂಬ ಪದ. ಗೆಳೆಯರೊಬ್ಬರು ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಬಣ್ಣದ ಕೊಕ್ಕರೆಯ ಚಿತ್ರವನ್ನು ನಿಸರ್ಗ ವಿಭಾಗಕ್ಕೆ ಕಳುಹಿಸಿದ್ದರು. ಗೂಡಿನ ಹಿಂದೆ ಮನೆಯೊಂದರ ಹೆಂಚಿನ ಮಾಡು ಕಾಣುತ್ತಿತ್ತು. ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿಗಳು ಒಪ್ಪಿರುವ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ ಮನುಷ್ಯನ ಕುರುಹುಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಕಣಜಗೂಬೆ, ಕೊಕ್ಕರೆಗಳಂಥ ಜೀವಿಗಳ ಕಥೆಯಲ್ಲಿ ಆ ಕುರುಹು ಅವಿಭಾಜ್ಯವಾಗಿದ್ದರೆ ವಿನಾಯಿತಿ ಕೊಡುತ್ತದೆ. ಊರಿನ ಮರಗಳಲ್ಲೇ ಹಕ್ಕಿಗಳು ಗೂಡು ಕಟ್ಟುವ ಬೆಳ್ಳೂರಿಗೆ ಇದಕ್ಕಿಂತ ಹೊಂದುವ ನಿಯಮ ಬೇಕೆ? ಆದರೂ ಚಿತ್ರ ಅಸ್ವೀಕೃತವಾಯಿತು. ಹೆಂಚು ಅಡ್ಡಬಂತೋ, ಫೋಕಸ್ ಸಾಲಲಿಲ್ಲವೋ, ಕೇಳಲು ದಾರಿಯಿಲ್ಲ. ಪ್ರವೇಶ ಶುಲ್ಕ ತೆತ್ತವರಿಗೆ ಒಂದು ಸಾಲಿನ ಕಾರಣ ಸಿಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪರಿಣತರೊಬ್ಬರಿಗೆ ಹಣ ಕೊಟ್ಟು ಚಿತ್ರ ತೋರಿಸುವ ದಾರಿಯೂ ಇದೆ. ನನ್ನ ಜೇಬಿಗೆ ಅದು ಭಾರ.

ಇನ್ನು ಮೇಜಿನ ಸಭೆ. ಇಲ್ಲಿ ನಾವು ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹಂತಗಳ ಕ್ರಮವನ್ನು ನಮಗೆ ಬೇಕಾದಂತೆ ಒಗ್ಗಿಸಿಕೊಂಡಿದ್ದೇವೆ. ಮೊದಲು ನೋಡಿದವರು ತಮ್ಮನ್ನು ಹಿಡಿದು ನಿಲ್ಲಿಸಿದ್ದು ಏನೆಂದು ಹೇಳುತ್ತಾರೆ. ಬಳಿಕ ಚಿತ್ರ ತೆಗೆದವರು ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರ ಪ್ರಶ್ನೆ, ಅದೂ ತೀರ್ಪು ಬೆರೆಸದೆ: ‘ಯಾಕಿಷ್ಟು ಕತ್ತಲು ಮಾಡಿದಿರಿ?’ ಎನ್ನುವಂತಿಲ್ಲ, ‘ಹಿನ್ನೆಲೆಯ ಬೆಳಕನ್ನು ಹೇಗೆ ನಿರ್ಧರಿಸಿದಿರಿ?’ ಎನ್ನಬೇಕು. ಅಭಿಪ್ರಾಯ ಕೊನೆಗೆ, ‘ಚೌಕಟ್ಟಿನ ಬಗ್ಗೆ ಒಂದು ಮಾತಿದೆ, ಹೇಳಲೇ?’ ಎಂದು ಒಪ್ಪಿಗೆ ಪಡೆದು.

ಚೌಕಿಯಲ್ಲಿ ಕಲಾವಿದರೊಬ್ಬರು ಪುಟ್ಟ ಕನ್ನಡಿ ಹಿಡಿದು ಚುಟ್ಟಿ ಇಡುತ್ತಿದ್ದ ಚಿತ್ರವನ್ನು ಮೇಜಿಗೆ ತಂದಿದ್ದೆ. ಕ್ಯಾಮೆರಾ ಹಿಡಿಯದ, ಸುಮ್ಮನೆ ಜೊತೆಗೆ ಬಂದಿದ್ದ ಒಬ್ಬರು, ‘ನನ್ನ ಕಣ್ಣು ಮೊದಲು ಹೋದದ್ದು ಮೂಲೆಯ ನೀಲಿ ಕುರ್ಚಿಗೆ’ ಎಂದರು. ಫೋನಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನೊಬ್ಬರು ಕನ್ನಡಿಯ ಅಂಚು ಸ್ಪಷ್ಟವಾಗಿದ್ದು ಪ್ರತಿಬಿಂಬದ ಕಣ್ಣು ಮಸುಕಾಗಿದೆಯೆಂದು ಬೆರಳಿಟ್ಟು ತೋರಿಸಿದರು. ಪ್ರತಿಬಿಂಬದ ಫೋಕಸ್ ದೂರವೆಂದರೆ ಕ್ಯಾಮೆರಾದಿಂದ ಕನ್ನಡಿಗೆ ಮತ್ತು ಕನ್ನಡಿಯಿಂದ ಮುಖಕ್ಕೆ, ಎರಡೂ ಸೇರಿ. ಲೆನ್ಸಿನ ದ್ವಾರ ಅಗಲವಾಗಿ ತೆರೆದು ಫೋಕಸ್ ಆಳ ತೀರಾ ಕಡಿಮೆಯಾಗುವ ಎಫ್ 1.8ರಲ್ಲಿ ಆ ವ್ಯತ್ಯಾಸ ನುಂಗಿಹೋಗುವುದಿಲ್ಲ. ಇಷ್ಟು ಕರಾರುವಾಕ್ಕಾದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ. ವಿಮರ್ಶೆ ಕೇಳುವಾಗ ಸಮರ್ಥನೆಗೆ ಇಳಿಯದೆ ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಮುಂದಿನ ಮೇಳಕ್ಕೆ ಹೊರಡುವ ಮುನ್ನ ಅವನ್ನೇ ತಿರುವಿ ಹಾಕುತ್ತೇನೆ.

ಪ್ರಿಂಟಿಗೂ ಕಿರಿಕಿರಿಯಿದೆ. ಲ್ಯಾಬ್‌ನ ಯಂತ್ರ ತಾನಾಗಿಯೇ ಬಣ್ಣ ತಿದ್ದಿ ಚೌಕಿಯ ಹಳದಿಯನ್ನು ತೊಳೆದುಬಿಡುತ್ತದೆ. ‘ಕರೆಕ್ಷನ್ ಬೇಡ’ ಎಂದು ಬರೆದುಕೊಡಬೇಕು.

ಹಕ್ಕಿ ಗುರುತಿಸಲು ವಾಟ್ಸ್‌ಆ್ಯಪ್ ಇರಲಿ, ಬಿರುದಿನ ಆಸೆ ಇರುವವರಿಗೆ ಸಲಾನ್ ಇರಲಿ. ನನ್ನಂತೆ ಕಡಿಮೆ ಬೆಳಕಿನಲ್ಲಿ ಜನರನ್ನು ತೆಗೆಯುವವರು, ತಿಂಗಳಿಗೆ ಮೂರು ಪ್ರಿಂಟಿನ ಖರ್ಚು ಭರಿಸಬಲ್ಲವರು ಮೇಜಿಗೇ ಬನ್ನಿ. ಊರಿನಲ್ಲಿ ಬಳಗವಿಲ್ಲದಿದ್ದರೆ ಮೂರ್ನಾಲ್ಕು ಜನ ಸಾಕು. 8x12 ಇಂಚಿನ ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಟ್ಯೂಬ್‌ಲೈಟ್ ನಂದಿಸಿ, ಕಿಟಕಿಯ ಪಕ್ಕದಲ್ಲಿ ಕೂರಿ.