ಲಿಬ್ರೆಆಫೀಸ್ ರೈಟರ್: ಆರು ವರ್ಷ ಬಳಸಿದ ಮೇಲೆ, ಹನ್ನೊಂದು ಬಟನ್ ಕಳೆದುಕೊಂಡ ಮೇಲೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ದೀಪಾವಳಿ ಕಳೆದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆವರೆಗೂ ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನ ಬಯಲಾಟದ ಆಮಂತ್ರಣಗಳೇ. ವರ್ಷ ವರ್ಷ ಚಂದಾ ಕಟ್ಟುವ ಸಾಫ್ಟ್‌ವೇರ್ ನನ್ನ ಸಂಪಾದನೆಗೆ ಹೊರೆ. ಬರಹ ಜೋಡಿಸಲು ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್ ರೈಟರ್‌ಗೆ ಬಂದದ್ದು ಹಾಗೆ. ಅದನ್ನು ಬಿಡದೆ ಉಳಿದದ್ದು ಮ್ಯಾಕ್ರೋಗಳಿಂದಾಗಿ, ಅಂದರೆ ಹಲವು ಹಂತದ ಕೆಲಸವನ್ನು ಒಂದೇ ಒತ್ತಿಗೆ ಮಾಡಿಕೊಡುವ ಆಜ್ಞೆಗಳಿಂದಾಗಿ.

ಮ್ಯಾಟರ್ ಬರುವುದೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಪದಗಳ ನಡುವೆ ಎರಡು ಮೂರು ಸ್ಪೇಸ್, ದಪ್ಪ ಅಕ್ಷರಕ್ಕೆಂದು ಹಾಕಿದ ನಕ್ಷತ್ರ ಗುರುತುಗಳು. “ಸಂಜೆಗೆ ಪ್ರೂಫ್ ಸಿಗ್ತದಾ ಮಾರಾಯ್ರೆ?” ಎಂಬ ಪ್ರಶ್ನೆಯೂ ಜೊತೆಗೇ. ಆ ಸ್ಪೇಸ್, ನಕ್ಷತ್ರಗಳನ್ನು ತೆಗೆಯುವ ಹುಡುಕಿ-ಬದಲಿಸುವ ಕೆಲಸವನ್ನು ಒಮ್ಮೆ ಮ್ಯಾಕ್ರೋ ಆಗಿ ರೆಕಾರ್ಡ್ ಮಾಡಿ, ಕಸ್ಟಮೈಸ್‌ಗೆ ಹೋಗಿ ಟೂಲ್‌ಬಾರ್‌ನಲ್ಲಿ ಕೂರಿಸಿ, ‘ಗುಡಿಸು’ ಎಂದು ಹೆಸರಿಟ್ಟೆ. ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಮೊದಲ ಮ್ಯಾಟರ್ ಪೇಸ್ಟ್ ಮಾಡಿ ಗುಡಿಸು ಒತ್ತಿದರೆ ಪುಟ ತೊಳೆದ ಅಂಗಳದ ಹಾಗೆ ಕಾಣುತ್ತದೆ. ಈ ಸಂತೋಷ ಆರು ವರ್ಷದಲ್ಲಿ ಒಂದು ದಿನವೂ ಹಳತಾಗಲಿಲ್ಲ.

(ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಮ್ಯಾಕ್ರೋ ರೆಕಾರ್ಡಿಂಗ್‌ಗೆ ಟಿಕ್ ಹಾಕುವವರೆಗೆ ಮೆನುವಿನಲ್ಲಿ ಆ ಸಾಲೇ ಕಾಣುವುದಿಲ್ಲ.)

ಆಮೇಲೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮ್ಯಾಕ್ರೋಗಳನ್ನು ಕೈಯಾರೆ ಬರೆಯಲು ಕಲಿತೆ. ತಲೆಬರಹಕ್ಕೆ ‘ಚಾರ್‌ಹೈಟ್’ 22 ಎಂದು ಕೊಟ್ಟರೆ ಇಂಗ್ಲಿಷ್ ಅಕ್ಷರ ಮಾತ್ರ ದೊಡ್ಡದಾಯಿತು, ಕನ್ನಡ ಇದ್ದ ಹಾಗೇ ಇತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಕನ್ನಡ ಅದಕ್ಕೆ ಸಂಕೀರ್ಣ ಲಿಪಿ, ಗಾತ್ರ, ಫಾಂಟ್, ದಪ್ಪ ಎಲ್ಲಕ್ಕೂ ಬೇರೆಯೇ ಗುಣನಾಮ. ‘ಚಾರ್‌ಹೈಟ್‌ಕಾಂಪ್ಲೆಕ್ಸ್’ ಎಂದು ಬರೆದ ಕೂಡಲೇ ‘ಶ್ರೀ’ ಎದ್ದು ನಿಂತಿತು. ಆ ರಾತ್ರಿ ಅಂಗಡಿಯಲ್ಲಿ ಒಬ್ಬನೇ ಇದ್ದೆ, ಯಾರಿಗಾದರೂ ತೋರಿಸಬೇಕು ಅನಿಸಿತ್ತು.

ಹೀಗೆ ಒಂದೊಂದಾಗಿ ಹನ್ನೊಂದು ಬಟನ್. ಹೋದ ಮಳೆಗಾಲದಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿಯವರು ಕಡತಗಳನ್ನೆಲ್ಲ ಜೋಪಾನವಾಗಿ ತೆಗೆದಿಟ್ಟೇ ಫಾರ್ಮ್ಯಾಟ್ ಮಾಡಿದರು. ಆಮಂತ್ರಣ ಒಂದೂ ಹೋಗಲಿಲ್ಲ, ಬಟನ್ ಒಂದೂ ಉಳಿಯಲಿಲ್ಲ. ಮ್ಯಾಕ್ರೋ, ಟೂಲ್‌ಬಾರ್ ಎರಡೂ ಇರುವುದು ವಿಂಡೋಸ್ ಮರೆಮಾಡಿಡುವ ಆ್ಯಪ್‌ಡೇಟಾದೊಳಗೆ: ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಟನ್ ಮಾಡುವಾಗಲೇ ‘ಇದು ಇಲ್ಲಿ ಉಳಿಯುತ್ತದೆ, ಪ್ರತಿ ಮಾಡಿಟ್ಟುಕೊಳ್ಳಿ’ ಎಂದು ಒಂದು ಸಾಲು ತೋರಿಸಿದ್ದರೆ ಸಾಕಿತ್ತು. ಆ ಬೇಸರ ಇನ್ನೂ ಇದೆ.

ಬೇರೆಯದಕ್ಕೆ ಹೋಗುವ ಯೋಚನೆ ಮಾತ್ರ ಬರಲಿಲ್ಲ. ‘ಗುಡಿಸು’ ಮರುದಿನವೇ ಮತ್ತೆ ಮಾಡಿದೆ. ಈಗ ಪ್ರತಿ ಶನಿವಾರ ಬಾಗಿಲು ಹಾಕುವ ಮೊದಲು ಆ ಯೂಸರ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಗೆ ಒಯ್ಯುತ್ತೇನೆ. ಹನ್ನೊಂದರಲ್ಲಿ ಏಳು ವಾಪಸ್ ಬಂದಿವೆ. ಬ್ರಹ್ಮಕಲಶದ ತಲೆಬರಹದ್ದು ಇನ್ನೂ ಮೊದಲಿನ ಹಾಗೆ ಕೂತಿಲ್ಲ.